ದಿ ಲಾಸ್ಟ್ ಎಕ್ಸ್‌ಪ್ರೆಸ್

1997ರಲ್ಲಿ ಬಂದ ಸಾಹಸ ಪ್ರಕಾರದ ಕಂಪ್ಯೂಟರ್ ಗೇಮ್. ಪ್ರಿನ್ಸ್ ಆಫ್ ಪರ್ಷಿಯಾ (1989) ರೂಪಿಸಿದ ಜೋರ್ಡಾನ್ ಮೆಕ್ನರ್ ಇದರ ನಿರ್ದೇಶಕ. ಕಥೆಯಲ್ಲಿ ಅವರಿಗೆ ಜೊತೆಯಾದವರು ಟೋಮಿ ಪಿಯರ್ಸ್. ತಯಾರಿಸಿದ್ದು ಮೆಕ್ನರ್ ಅವರದೇ ಸಂಸ್ಥೆ ಸ್ಮೋಕಿಂಗ್ ಕಾರ್ ಪ್ರೊಡಕ್ಷನ್ಸ್, ಹೊರತಂದದ್ದು ಬ್ರೋಡರ್‌ಬಂಡ್.

ಕಥೆ ನಡೆಯುವುದು ಮೊದಲನೆಯ ಮಹಾಯುದ್ಧ ಇನ್ನೇನು ಶುರುವಾಗಲಿದೆ ಎನ್ನುವಾಗ, 1914ರ ಜುಲೈನಲ್ಲಿ ಪ್ಯಾರಿಸ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್‌ನಲ್ಲಿ. ಅಮೆರಿಕದ ವೈದ್ಯ ರಾಬರ್ಟ್ ಕ್ಯಾತ್ ಮೋಟಾರ್‌ಸೈಕಲ್‌ನಿಂದ ಓಡುವ ರೈಲಿಗೆ ಹಾರುತ್ತಾನೆ. ಗೆಳೆಯನ ಕೋಣೆಗೆ ಹೋದರೆ ಅಲ್ಲಿ ಗೆಳೆಯನ ಹೆಣ! ಅದನ್ನು ಮರೆಮಾಡಿ, ಸತ್ತವನ ಹೆಸರಿನಲ್ಲೇ ಪ್ರಯಾಣ ಮುಂದುವರಿಸುತ್ತಾನೆ. ಸರ್ಬಿಯಾದ ರಾಷ್ಟ್ರವಾದಿಗಳು, ಜರ್ಮನ್ ಶಸ್ತ್ರ ವ್ಯಾಪಾರಿ, ರಷ್ಯಾದ ಮುದಿ ಕೌಂಟ್ ಮತ್ತು ಅವನ ಮೊಮ್ಮಗಳು, ಆಸ್ಟ್ರಿಯಾದ ಪಿಟೀಲು ವಾದಕಿ ಎಲ್ಲರೂ ಅದೇ ರೈಲಿನಲ್ಲಿದ್ದಾರೆ.

ಈ ಆಟದ ನಿಜವಾದ ಹೊಸತನ ಗಡಿಯಾರದಲ್ಲಿದೆ. ಆ ಕಾಲದ ಬಹುತೇಕ ಸಾಹಸ ಗೇಮ್‌ಗಳಲ್ಲಿ ಆಟಗಾರ ಬರುವವರೆಗೆ ಜಗತ್ತು ನಿಂತೇ ಇರುತ್ತಿತ್ತು. ಇಲ್ಲಿ ಕಾಲ ಯಾರಿಗೂ ಕಾಯುವುದಿಲ್ಲ, ಅದೂ ನಿಜವಾದ ಕಾಲದ ಆರು ಪಟ್ಟು ವೇಗದಲ್ಲಿ ಸಾಗುತ್ತದೆ. ಪ್ರಯಾಣಿಕರು ತಮ್ಮ ಪಾಡಿಗೆ ಊಟಕ್ಕೆ ಹೋಗುತ್ತಾರೆ, ಜಗಳವಾಡುತ್ತಾರೆ, ಬಾಗಿಲು ಹಾಕಿಕೊಂಡು ಪಿಸುಗುಡುತ್ತಾರೆ. ಕ್ಯಾತ್‌ಗೆ ಬಾರದ ಭಾಷೆಯ ಮಾತಿಗೆ ಅಡಿಬರಹವೂ ಇಲ್ಲ. ಒಂದು ಸಂಭಾಷಣೆ ಕೈತಪ್ಪಿದರೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆಡಬೇಕು.

ಇದರ ಸೊಗಸು ಎದ್ದು ಕಾಣುವುದು ಸಂಗೀತ ಕಚೇರಿಯ ದೃಶ್ಯದಲ್ಲಿ. ಖಾಸಗಿ ಬೋಗಿಯೊಂದರಲ್ಲಿ ಪಿಟೀಲು, ಪಿಯಾನೊಗಳಲ್ಲಿ ಸೀಸರ್ ಫ್ರಾಂಕ್‌ನ ಸೊನಾಟಾ ನಡೆಯುತ್ತಿರುತ್ತದೆ. ಕುಳಿತು ಕೇಳಬಹುದು, ಇಲ್ಲವೇ ಮೆಲ್ಲಗೆ ಎದ್ದು ಹೋಗಿ, ಕೇಳುಗರ ಖಾಲಿ ಕೋಣೆಗಳನ್ನು ಜಾಲಾಡಬಹುದು. ಸಂಗೀತ ಮುಗಿಯುವುದರೊಳಗೆ ಕೆಲಸ ಮುಗಿಯಬೇಕು, ಅಷ್ಟೇ.

ಚಿತ್ರಶೈಲಿ ಆರ್ಟ್ ನೂವೋ. ನಟರಿಗೆ ವೇಷ ಹಾಕಿ ನೀಲಿ ಪರದೆಯ ಮುಂದೆ ಚಿತ್ರೀಕರಿಸಿ, ಆ ಚೌಕಟ್ಟುಗಳನ್ನು ರೇಖೆ ಮತ್ತು ಚಪ್ಪಟೆ ಬಣ್ಣಗಳಿಗೆ ಇಳಿಸಲಾಯಿತು. ಮಾತಿನ ದೃಶ್ಯಗಳಲ್ಲಿ ಚಲನೆ ಬಿಟ್ಟುಬಿಟ್ಟು ಬರುತ್ತದೆ. ಮೊದಲು ಕಣ್ಣಿಗೆ ಒಗ್ಗದಿದ್ದರೂ ಹಳೆಯ ಪೋಸ್ಟರಿನ ಸೊಬಗು ಅದಕ್ಕಿದೆ. ಬಡಿದಾಟಗಳ ಬಗ್ಗೆ ಅಷ್ಟು ಉದಾರವಾಗಿ ಹೇಳಲಾಗದು: ಸರಿಯಾದ ಕ್ಷಣಕ್ಕೆ ಕ್ಲಿಕ್ ಮಾಡದಿದ್ದರೆ ಸಾವು, ಮತ್ತೆ ಅದೇ ಹೊಡೆದಾಟ.

ವಿಮರ್ಶಕರು ಮೆಚ್ಚಿದರೂ ಗೇಮ್ ಮಾರಾಟದಲ್ಲಿ ಸೋತಿತು. ಬಿಡುಗಡೆಯ ಹೊತ್ತಿಗೆ ಬ್ರೋಡರ್‌ಬಂಡ್‌ನ ಮಾರ್ಕೆಟಿಂಗ್ ತಂಡವೇ ಕೆಲಸ ಬಿಟ್ಟಿದ್ದರಿಂದ ಜಾಹೀರಾತು ಇಲ್ಲವೆನ್ನುವಷ್ಟು ಕಡಿಮೆಯಿತ್ತು. 1998ರಲ್ಲಿ ಬ್ರೋಡರ್‌ಬಂಡ್ ದಿ ಲರ್ನಿಂಗ್ ಕಂಪನಿಯ ಪಾಲಾಯಿತು. 2012ರಲ್ಲಿ ಫ್ರಾನ್ಸಿನ ಡಾಟ್‌ಇಮು ಸಂಸ್ಥೆ ಈ ಗೇಮನ್ನು ಐಫೋನ್ ಮತ್ತು ಐಪ್ಯಾಡ್‌ಗಳಿಗೆ ತಂದಿತು.