ಎದುರಾಳಿಗೂ ಒಂದು ಹಿಡಿ ಹೂವು

ಅಕ್ಟೋಬರ್ 2 ಬಂತೆಂದರೆ ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿ ಇಬ್ಬರ ಭಾವಚಿತ್ರಗಳಿಗೆ ಪುಷ್ಪನಮನ ಸಲ್ಲುತ್ತದೆ. ಒಬ್ಬರು ಮಹಾತ್ಮ ಗಾಂಧಿ, ಇನ್ನೊಬ್ಬರು ಅದೇ ದಿನ ಹುಟ್ಟಿದ ಲಾಲ್ ಬಹಾದ್ದೂರ್ ಶಾಸ್ತ್ರಿ. ಗಣ್ಯರು ಸಾಲಾಗಿ ಬಂದು ಹೂವು ಅರ್ಪಿಸಿ ಕೈಮುಗಿಯುತ್ತಾರೆ. ಆ ನಾಯಕರ ಜೀವನ ಪರಿಚಯದ ಕಿರುಹೊತ್ತಿಗೆಯನ್ನು ಲೋಕಸಭೆಯ ಸಚಿವಾಲಯ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿಸಿ ಹಂಚುತ್ತದೆ. ಹೆಚ್ಚು ಹೊತ್ತು ಹಿಡಿಯುವ ಸಮಾರಂಭವೇನೂ ಅಲ್ಲ. ಮರುದಿನ ಪತ್ರಿಕೆಗಳಲ್ಲಿ ಒಂದು ಚಿತ್ರ ಬರುತ್ತದೆ, ಅಲ್ಲಿಗೆ ಮುಗಿಯಿತು.

ಆ ಚಿತ್ರವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಚುನಾವಣಾ ಸಭೆಗಳಲ್ಲಿ ಒಬ್ಬರನ್ನೊಬ್ಬರು ಹೆಸರಿಡಿದು ಟೀಕಿಸುವ ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕರು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಗಾಂಧಿ, ಶಾಸ್ತ್ರಿಯವರ ಮಾತು ಬಂದಾಗ ಇದು ಸುಲಭ. ಆದರೆ ಆ ಹಾಲ್‌ನ ಗೋಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಾಯಕರ ಭಾವಚಿತ್ರಗಳಿವೆ, ಪ್ರತಿಯೊಬ್ಬರಿಗೂ ಒಂದೊಂದು ಜಯಂತಿ ಇದೆ. ತಮ್ಮವರಲ್ಲದವರ ಜಯಂತಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ನಮ್ಮ ರಾಜಕೀಯದ ಇತಿಹಾಸವನ್ನೇ ಹೇಳುತ್ತದೆ.

ಗ್ರಂಥಾಲಯವಾಗಿದ್ದ ಕೋಣೆ

ಸಂಸತ್ ಭವನ ಉದ್ಘಾಟನೆಯಾದದ್ದು 1927ರ ಜನವರಿ 18ರಂದು, ವೈಸ್‌ರಾಯ್ ಇರ್ವಿನ್ ಅವರಿಂದ. ಅದರ ನಡುವಿನ ವೃತ್ತಾಕಾರದ ಹಾಲ್ ಮೊದಲಿಗೆ ಶಾಸನಸಭೆಯ ಸದಸ್ಯರ ಗ್ರಂಥಾಲಯವಾಗಿತ್ತು. ಸಂವಿಧಾನ ರಚನಾ ಸಭೆ ಸೇರಲು ಜಾಗ ಬೇಕಾದಾಗ, 1946ರಲ್ಲಿ ಅದನ್ನು ಸಭಾಂಗಣವಾಗಿ ಮಾರ್ಪಡಿಸಲಾಯಿತು. ಆ ವರ್ಷದ ಡಿಸೆಂಬರ್ 9ರಂದು ರಚನಾ ಸಭೆ ಸೇರಿದ್ದು ಇಲ್ಲಿ. 1947ರ ಆಗಸ್ಟ್ 14ರ ನಡುರಾತ್ರಿ ಅಧಿಕಾರ ಹಸ್ತಾಂತರವಾದದ್ದೂ ಇಲ್ಲೇ. 98 ಅಡಿ ವ್ಯಾಸದ ಗುಮ್ಮಟದ ಕೆಳಗೆ ಅವಿಭಜಿತ ಭಾರತದ ಪ್ರಾಂತ್ಯಗಳನ್ನು ಸೂಚಿಸುವ ಹನ್ನೆರಡು ಚಿನ್ನದ ಬಣ್ಣದ ಲಾಂಛನಗಳಿವೆ.

ಸ್ವಾತಂತ್ರ್ಯ ಬಂದು ಎರಡು ವಾರ ಕಳೆಯುವಷ್ಟರಲ್ಲಿ, 1947ರ ಆಗಸ್ಟ್ 28ರಂದು, ಈ ಹಾಲ್‌ನ ವೇದಿಕೆಯ ಮೇಲ್ಭಾಗದಲ್ಲಿ ಗಾಂಧೀಜಿಯವರ ಭಾವಚಿತ್ರವನ್ನು ಡಾ. ರಾಜೇಂದ್ರ ಪ್ರಸಾದ್ ಅನಾವರಣ ಮಾಡಿದರು. ಗಾಂಧೀಜಿ ಆಗ ಬದುಕಿದ್ದರು. ಚಿತ್ರವನ್ನು ಕೊಡುಗೆಯಾಗಿ ಕೊಟ್ಟವರು ರಚನಾ ಸಭೆಯ ಸದಸ್ಯ ಎ.ಪಿ. ಪಟ್ಟಣಿ, ಬರೆದವರು ಬ್ರಿಟಿಷ್ ಕಲಾವಿದ ಸರ್ ಆಸ್ವಾಲ್ಡ್ ಬರ್ಲಿ. ಗಾಂಧೀಜಿಯವರನ್ನು ಕಂಡರಾಗದ ವಿನ್‌ಸ್ಟನ್ ಚರ್ಚಿಲ್ ಅವರ ಭಾವಚಿತ್ರವನ್ನೂ ಬರೆದವರು ಇದೇ ಬರ್ಲಿ. ವಿರೋಧಿಗಳಿಬ್ಬರೂ ಒಂದೇ ಕುಂಚದಿಂದ ಮೂಡಿದ ಈ ಸಂಗತಿ, ಮುಂದೆ ಈ ಗೋಡೆಗಳ ಮೇಲೆ ನಡೆಯಲಿದ್ದುದಕ್ಕೆ ಮುನ್ನುಡಿಯಂತಿದೆ.

ಜಗಳವಾಡಿದವರು ಒಂದೇ ಗೋಡೆಯಲ್ಲಿ

ಲೋಕಮಾನ್ಯ ತಿಲಕರ ಭಾವಚಿತ್ರ ಅವರ ಜನ್ಮಶತಮಾನೋತ್ಸವದ ವರ್ಷವಾದ 1956ರಲ್ಲಿ ಬಂತು. ಜವಾಹರಲಾಲ್ ನೆಹರೂ ಅವರದು 1966ರಲ್ಲಿ. ಮೊದಮೊದಲು ಇಲ್ಲಿಗೆ ಬಂದವರೆಲ್ಲ ಸ್ವಾತಂತ್ರ್ಯ ಹೋರಾಟದ ಹಿರಿಯರು, ಬಹುಪಾಲು ಕಾಂಗ್ರೆಸ್ ಪರಂಪರೆಯವರು. ಕೇಂದ್ರದಲ್ಲಿ ಆಗ ಬೇರೆ ಪಕ್ಷದ ಸರ್ಕಾರವೇ ಬಂದಿರಲಿಲ್ಲ.

1977ರಲ್ಲಿ ಕಾಂಗ್ರೆಸ್ ಸೋತು ಜನತಾ ಸರ್ಕಾರ ಬಂದ ಮೇಲೆ ಗೋಡೆಯ ಚಹರೆಯೂ ಬದಲಾಯಿತು. 1978ರ ಜನವರಿ 23ರಂದು, ಹುಟ್ಟಿದ ದಿನವೇ, ಸುಭಾಷ್‌ಚಂದ್ರ ಬೋಸ್ ಅವರ ಭಾವಚಿತ್ರವನ್ನು ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಅನಾವರಣಗೊಳಿಸಿದರು. ಗಾಂಧೀಜಿಯವರೊಂದಿಗಿನ ಭಿನ್ನಾಭಿಪ್ರಾಯದಿಂದ 1939ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಬಿಟ್ಟವರು ಗಾಂಧೀಜಿಯ ಚಿತ್ರವಿರುವ ಹಾಲ್‌ಗೇ ಬಂದು ಸೇರಿದರು. ಅದೇ ವರ್ಷ ರಾಜಾಜಿಯವರೂ ಬಂದರು.

ಡಾ. ಬಿ.ಆರ್. ಅಂಬೇಡ್ಕರ್ ಅವರ ಭಾವಚಿತ್ರ ಬರಲು 1990ರ ಏಪ್ರಿಲ್ 12ರವರೆಗೆ ಕಾಯಬೇಕಾಯಿತು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ಆ ಸಂವಿಧಾನ ಅಂಗೀಕಾರವಾದ ಹಾಲ್‌ನ ಗೋಡೆಗೇರಿದ್ದು ತಾವು ತೀರಿಕೊಂಡು 34 ವರ್ಷಗಳಾಗುತ್ತಿದ್ದಾಗ. ಹೊರಗೆ ಆವರಣದಲ್ಲಿ 1967ರಿಂದಲೇ ಅವರ ಪ್ರತಿಮೆ ಇತ್ತು, ಒಳಗೆ ಮಾತ್ರ ಜಾಗ ಸಿಕ್ಕಿರಲಿಲ್ಲ. ಅನಾವರಣ ಮಾಡಿದವರು ಪ್ರಧಾನಿ ವಿ.ಪಿ. ಸಿಂಗ್. ಭಾರತೀಯ ಜನತಾ ಪಕ್ಷ ಒಂದು ಕಡೆ, ಎಡಪಕ್ಷಗಳು ಇನ್ನೊಂದು ಕಡೆ ನಿಂತು ಹೊರಗಿನಿಂದ ಬೆಂಬಲಿಸುತ್ತಿದ್ದ ಸರ್ಕಾರ ಅವರದು. ಮರುವರ್ಷ, 1991ರಲ್ಲಿ, ರಾಮಮನೋಹರ ಲೋಹಿಯಾ ಮತ್ತು ಶ್ಯಾಮಪ್ರಸಾದ ಮುಖರ್ಜಿ ಇಬ್ಬರ ಭಾವಚಿತ್ರಗಳೂ ಬಂದವು.

ಈ ಹೆಸರುಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅಂಬೇಡ್ಕರ್, ಮುಖರ್ಜಿ, ರಾಜಾಜಿ ಮೂವರೂ ನೆಹರೂ ಸಂಪುಟದಲ್ಲಿದ್ದವರು. ಮುಖರ್ಜಿ 1950ರಲ್ಲಿ ರಾಜೀನಾಮೆ ಕೊಟ್ಟು, ಮರುವರ್ಷ ಜನಸಂಘ ಕಟ್ಟಿದರು. ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿ ಪದವಿ ಬಿಟ್ಟು ಹೊರನಡೆದರು. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ನೆಹರೂ ಆರ್ಥಿಕ ನೀತಿಯ ವಿರುದ್ಧ ನಿಂತರು. ಲೋಹಿಯಾ ಅವರಂತೂ 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಎದುರೇ ಚುನಾವಣೆಗೆ ನಿಂತು ಸೋತವರು. ಈಗ ಐವರೂ ಒಂದೇ ಗುಮ್ಮಟದ ಕೆಳಗಿದ್ದಾರೆ.

ಇಂದಿರಾ ಗಾಂಧಿ ಮತ್ತು ಚರಣ್ ಸಿಂಗ್ ಅವರದೂ ಇಂಥದೇ ಕಥೆ. 1977ರ ಅಕ್ಟೋಬರ್‌ನಲ್ಲಿ ಇಂದಿರಾ ಬಂಧನವಾದಾಗ ಗೃಹಮಂತ್ರಿಯಾಗಿದ್ದವರು ಚರಣ್ ಸಿಂಗ್. 1979ರಲ್ಲಿ ಚರಣ್ ಸಿಂಗ್ ಪ್ರಧಾನಿಯಾದಾಗ ಬೆಂಬಲ ಹಿಂತೆಗೆದುಕೊಂಡು ಅವರನ್ನು ಇಳಿಸಿದವರು ಇಂದಿರಾ. ಇಂದಿರಾ ಅವರ ಭಾವಚಿತ್ರ 1987ರ ನವೆಂಬರ್ 19ರಂದು, ಚರಣ್ ಸಿಂಗ್ ಅವರದು 1993ರ ಡಿಸೆಂಬರ್ 23ರಂದು, ಇಬ್ಬರದೂ ಅವರವರ ಹುಟ್ಟುಹಬ್ಬದಂದೇ ಅನಾವರಣವಾಯಿತು. ಚರಣ್ ಸಿಂಗ್ ಚಿತ್ರ ಬಂದಾಗ ಕೇಂದ್ರದಲ್ಲಿದ್ದದ್ದು ಪಿ.ವಿ. ನರಸಿಂಹ ರಾವ್ ಅವರ ಕಾಂಗ್ರೆಸ್ ಸರ್ಕಾರ.

ಹೇಳಿ ದೂರವಿದ್ದವರು, ಸುಮ್ಮನೆ ಬಾರದವರು

ಹಾಗೆಂದು ಎಲ್ಲವೂ ಸುಗಮವಾಗಿ ನಡೆದಿದೆ ಎನ್ನಲಾಗದು. 2003ರ ಫೆಬ್ರುವರಿ 26ರಂದು ವಿನಾಯಕ ದಾಮೋದರ ಸಾವರ್ಕರ್ ಅವರ ಭಾವಚಿತ್ರವನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅನಾವರಣ ಮಾಡಿದಾಗ ಕಾಂಗ್ರೆಸ್ ಮತ್ತು ಎಡಪಕ್ಷಗಳು ಸಮಾರಂಭವನ್ನು ಬಹಿಷ್ಕರಿಸಿದವು. ಅಂಡಮಾನಿನ ಜೈಲಿನಲ್ಲಿ ವರ್ಷಗಟ್ಟಲೆ ಕಷ್ಟಪಟ್ಟ ಕ್ರಾಂತಿಕಾರಿಗೆ ಈ ಗೌರವ ಸಲ್ಲಲೇಬೇಕು ಎಂಬುದು ಒಂದು ಪಕ್ಷದ ವಾದ. ಬ್ರಿಟಿಷರಿಗೆ ಬರೆದ ಕ್ಷಮಾಯಾಚನೆಯ ಅರ್ಜಿಗಳು, ಅವರ ಹಿಂದುತ್ವದ ಸಿದ್ಧಾಂತ, ಗಾಂಧಿ ಹತ್ಯೆ ಮೊಕದ್ದಮೆಯಲ್ಲಿ ಅವರು ಆರೋಪಿಯಾಗಿದ್ದುದು ಇನ್ನೊಂದು ಪಕ್ಷದ ಆಕ್ಷೇಪ. ಆ ಮೊಕದ್ದಮೆಯಲ್ಲಿ ನ್ಯಾಯಾಲಯ 1949ರಲ್ಲಿ ಅವರನ್ನು ಖುಲಾಸೆ ಮಾಡಿತ್ತು. ಸಮಾರಂಭದಲ್ಲಿ ಭಾಗವಹಿಸಬಾರದೆಂದು ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ರಾಷ್ಟ್ರಪತಿ ಬಂದರು, ಅನಾವರಣ ನಡೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ವಿರೋಧಿಸಿದವರು ಕಾರಣ ಕೊಟ್ಟು, ಬಹಿರಂಗವಾಗಿ ವಿರೋಧಿಸಿದರು. ಮರುವರ್ಷ, 2004ರಲ್ಲಿ, ಅವರದೇ ಸರ್ಕಾರ ಬಂದು ಹತ್ತು ವರ್ಷ ಆಳಿದರೂ ಆ ಭಾವಚಿತ್ರ ಇದ್ದಲ್ಲೇ ಇತ್ತು. ಮೇ 28ರ ಸಾವರ್ಕರ್ ಜಯಂತಿಗೆ ಕಾಂಗ್ರೆಸ್ ನಾಯಕರು ಸಾಮಾನ್ಯವಾಗಿ ಅತ್ತ ಸುಳಿಯಲಿಲ್ಲ, ಆದರೆ ಪಟವನ್ನು ಇಳಿಸುವ ಗೋಜಿಗೂ ಹೋಗಲಿಲ್ಲ.

2021ರ ನವೆಂಬರ್ 14ರಂದು ನಡೆದದ್ದು ಬೇರೆ ಬಗೆಯದು. ಅಂದು ನೆಹರೂ ಜಯಂತಿ. ಲೋಕಸಭೆಯ ಸ್ಪೀಕರ್ ಬರಲಿಲ್ಲ, ರಾಜ್ಯಸಭೆಯ ಸಭಾಪತಿ ಬರಲಿಲ್ಲ, ಸರ್ಕಾರದ ಹಿರಿಯ ಮಂತ್ರಿಗಳು ಕಾಣಲಿಲ್ಲ ಎಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ಪ್ರಧಾನಿ ಸಾಮಾಜಿಕ ಜಾಲತಾಣದಲ್ಲಿ ನಮನ ಸಲ್ಲಿಸಿದ್ದರು. ದೇಶದ ಮೊದಲ ಪ್ರಧಾನಿಗೆ ಗೌರವ ಸಲ್ಲಬಾರದೆಂದು ಯಾರೂ ಸದನದಲ್ಲಿ ವಾದಿಸಿರಲಿಲ್ಲ. ಹಾಗಿದ್ದೂ ಮುಂದಿನ ಸಾಲು ಬರಿದಾಗಿತ್ತು.

ಇಂಥ ಗೈರುಹಾಜರಿ ಎದ್ದು ಕಾಣುವುದಕ್ಕೆ ಒಂದು ಕಾರಣವಿದೆ. ಜನವರಿ 23, ಏಪ್ರಿಲ್ 14, ಮೇ 28, ಅಕ್ಟೋಬರ್ 2, ಅಕ್ಟೋಬರ್ 31, ಡಿಸೆಂಬರ್ 25 ಇವೆಲ್ಲ ಸಾಮಾನ್ಯವಾಗಿ ಸಂಸತ್ತಿನ ಕಲಾಪ ಇಲ್ಲದ ದಿನಗಳು. ಇತ್ತೀಚಿನ ವರ್ಷಗಳಲ್ಲಿ ನವೆಂಬರ್ 14ರ ವೇಳೆಗೂ ಚಳಿಗಾಲದ ಅಧಿವೇಶನ ಆರಂಭವಾಗಿರುವುದಿಲ್ಲ. ಕಲಾಪಕ್ಕೆ ಬಂದವರು ಹಾಗೇ ಒಂದು ಹೂವು ಹಾಕಿ ಹೋಗುವ ಅವಕಾಶ ಇಲ್ಲಿಲ್ಲ. ಬರುವವರು ಇದಕ್ಕಾಗಿಯೇ ಬರಬೇಕು. ಬರಲೇಬೇಕೆಂಬ ಕಾನೂನೂ ಇಲ್ಲ. ಆದ್ದರಿಂದಲೇ ಬಂದವರ ಬರವಿಗೆ ಬೆಲೆ.

ಖಾಲಿ ಗೋಡೆಯ ನೆನಪು

ಈ ಬೆಲೆಯನ್ನು ಚೆನ್ನಾಗಿ ಅರಿತಿದ್ದವರಲ್ಲಿ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. 1964ರಲ್ಲಿ ನೆಹರೂ ತೀರಿಕೊಂಡಾಗ ರಾಜ್ಯಸಭೆಯಲ್ಲಿ ವಾಜಪೇಯಿ ಸಲ್ಲಿಸಿದ ಶ್ರದ್ಧಾಂಜಲಿಯನ್ನು ಕಾಂಗ್ರೆಸ್ಸಿಗರೂ ಇಂದಿಗೂ ನೆನೆಯುತ್ತಾರೆ. 1977ರಲ್ಲಿ ಅವರು ವಿದೇಶಾಂಗ ಮಂತ್ರಿಯಾಗಿ ಸೌತ್ ಬ್ಲಾಕ್‌ಗೆ ಹೋದಾಗ, ಅಲ್ಲಿ ಮೊದಲಿದ್ದ ನೆಹರೂ ಚಿತ್ರ ಗೋಡೆಯಿಂದ ಮಾಯವಾಗಿತ್ತು. ಹೊಸ ಮಂತ್ರಿಗೆ ಹಿಡಿಸಲಾರದೆಂದು ಅಧಿಕಾರಿಗಳು ತೆಗೆದಿದ್ದಿರಬೇಕು. ಚಿತ್ರ ಎಲ್ಲಿ ಹೋಯಿತು ಎಂದು ವಾಜಪೇಯಿ ವಿಚಾರಿಸಿದ ಮೇಲೆ ಅದು ಮರಳಿ ಬಂತು. ಇದನ್ನು ಅವರೇ ಮುಂದೆ ಲೋಕಸಭೆಯಲ್ಲಿ ಹೇಳಿದ್ದುಂಟು.

2019ರ ಫೆಬ್ರುವರಿ 12ರಂದು ವಾಜಪೇಯಿ ಅವರದೇ ಭಾವಚಿತ್ರ ಸೆಂಟ್ರಲ್ ಹಾಲ್‌ಗೆ ಬಂತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅನಾವರಣಗೊಳಿಸಿದ ಆ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಜೊತೆಗೆ, ರಾಜ್ಯಸಭೆಯಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಕಾಂಗ್ರೆಸ್ಸಿನ ಗುಲಾಂ ನಬಿ ಆಜಾದ್ ಕೂಡ ಮಾತನಾಡಿದರು. ಲೋಕಸಭಾ ಚುನಾವಣೆಗೆ ಆಗ ಎರಡು ತಿಂಗಳಷ್ಟೇ ಉಳಿದಿತ್ತು.

ಬೆಳಗಾವಿಯಲ್ಲೂ ಅದೇ ಪ್ರಶ್ನೆ

ಕನ್ನಡಿಗರಿಗೆ ಈ ವಿವಾದ ದೂರದ್ದಲ್ಲ. 2022ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ವಿಧಾನಸಭಾ ಸಭಾಂಗಣದಲ್ಲಿ ಏಳು ಭಾವಚಿತ್ರಗಳು ಅನಾವರಣಗೊಂಡವು. ಗಾಂಧಿ, ಅಂಬೇಡ್ಕರ್, ಪಟೇಲ್, ಬೋಸ್, ವಿವೇಕಾನಂದ, ಬಸವಣ್ಣ ಇವರ ಜೊತೆಗೆ ಸಾವರ್ಕರ್. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ಹೊರಗೆ ಧರಣಿ ಕುಳಿತರು. ಕನಕದಾಸ, ಶಿಶುನಾಳ ಷರೀಫ, ನಾರಾಯಣ ಗುರು, ಕುವೆಂಪು ಮೊದಲಾದವರ ಚಿತ್ರಗಳನ್ನೂ ಹಾಕಬೇಕೆಂಬುದು ಅವರ ಬೇಡಿಕೆಯಾಗಿತ್ತು. 2023ರಲ್ಲಿ ಸರ್ಕಾರ ಬದಲಾಯಿತು. ಆ ವರ್ಷ ಬೆಳಗಾವಿ ಅಧಿವೇಶನದ ಹೊತ್ತಿಗೆ ಸಾವರ್ಕರ್ ಪಟವನ್ನು ತೆಗೆಯಬೇಕೇ ಬೇಡವೇ ಎಂಬ ಚರ್ಚೆ ಎದ್ದಿತು.

ಒಂದು ಪಟ ಹೆಚ್ಚಾಗಿ ಬರುವುದಕ್ಕೂ ಇದ್ದ ಪಟ ಇಳಿಯುವುದಕ್ಕೂ ಬಹಳ ಅಂತರವಿದೆ. ಸರ್ಕಾರ ಬದಲಾದಂತೆಲ್ಲ ಗೋಡೆಯೂ ಬದಲಾಗುವುದಾದರೆ ಅದು ಸದನದ ಗೋಡೆಯಾಗಿ ಉಳಿಯುವುದಿಲ್ಲ, ಪಕ್ಷದ ಕಚೇರಿಯ ಗೋಡೆಯಾಗುತ್ತದೆ. ಎಲ್ಲ ಪಕ್ಷಗಳೂ ಒಪ್ಪಿದವರ ಚಿತ್ರ ಮಾತ್ರ ಬರಬೇಕೆಂದರೆ ಗೋಡೆಯ ಬಹುಭಾಗ ಖಾಲಿಯೇ ಉಳಿದೀತು.

ಹೂವಿನ ನಂತರ

2023ರ ಮೇ 28ರಂದು, ಸಾವರ್ಕರ್ ಜಯಂತಿಯ ದಿನವೇ, ಹೊಸ ಸಂಸತ್ ಭವನ ಉದ್ಘಾಟನೆಯಾಯಿತು. ರಾಷ್ಟ್ರಪತಿಯವರಿಂದ ಉದ್ಘಾಟನೆ ಆಗಬೇಕಿತ್ತು ಎಂದು ಸುಮಾರು 20 ವಿರೋಧ ಪಕ್ಷಗಳು ಬಹಿಷ್ಕರಿಸಿದವು. ಆಗ ಯಾವ ಮೈತ್ರಿಕೂಟದಲ್ಲೂ ಇಲ್ಲದ ಜನತಾದಳದ ಎಚ್.ಡಿ. ದೇವೇಗೌಡರು ಹಾಜರಾದರು. ಸೆಪ್ಟೆಂಬರ್‌ನಲ್ಲಿ ಕಲಾಪ ಹೊಸ ಭವನಕ್ಕೆ ಹೋಯಿತು, ಹಳೆಯದಕ್ಕೆ ಸಂವಿಧಾನ ಸದನ ಎಂಬ ಹೆಸರು ಬಂತು. ಭಾವಚಿತ್ರಗಳು ಹಳೆಯ ಹಾಲ್‌ನಲ್ಲೇ ಉಳಿದವು, ಜಯಂತಿಗಳೂ ಅಲ್ಲೇ ಮುಂದುವರಿದವು.

ಹೂವು ಹಾಕಿದ ಮಾತ್ರಕ್ಕೆ ಮನಸ್ಸು ಹಗುರಾಗುತ್ತದೆ ಎಂದು ಭ್ರಮಿಸಬೇಕಾಗಿಲ್ಲ. 2024ರ ಡಿಸೆಂಬರ್ 6ರಂದು ಅಂಬೇಡ್ಕರ್ ಪರಿನಿಬ್ಬಾಣದ ದಿನ ಸಂಸತ್ ಆವರಣದಲ್ಲಿ ಪ್ರಧಾನಿ ಮೋದಿ ಮತ್ತು ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ಇಬ್ಬರೂ ನಮನ ಸಲ್ಲಿಸಿದರು. ಹದಿಮೂರು ದಿನಗಳ ನಂತರ, ಡಿಸೆಂಬರ್ 19ರಂದು, ಅಂಬೇಡ್ಕರ್ ಕುರಿತ ಮಾತಿನ ಮೇಲೆಯೇ ಜಗಳ ಹತ್ತಿ ಅದೇ ಆವರಣದಲ್ಲಿ ಸಂಸದರ ನಡುವೆ ನೂಕಾಟ ನಡೆದು ಇಬ್ಬರು ಆಸ್ಪತ್ರೆ ಸೇರಿದರು. ಅಂಬೇಡ್ಕರ್ ಅವರನ್ನು ಗೌರವಿಸುವವರು ನಾವೇ ಎಂದು ಎರಡೂ ಕಡೆಯವರು ಹೇಳುತ್ತಿದ್ದರು.

ಸೆಂಟ್ರಲ್ ಹಾಲ್‌ನ ಹೂವು ಜಗಳವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕೆಂದೂ ಇಲ್ಲ, ಜಗಳವಾಡುವುದಕ್ಕೆಂದೇ ಸಂಸತ್ತು ಇರುವುದು. ಅದು ಹೇಳುವುದು ಇಷ್ಟೇ: ನಿನ್ನ ನಾಯಕನನ್ನು ನಾನು ಒಪ್ಪುವುದಿಲ್ಲ, ಆದರೆ ಈ ಮನೆಯಲ್ಲಿ ಅವನಿಗೂ ಒಂದು ಜಾಗವಿದೆ. ಒಪ್ಪಲಾಗದವರು 2003ರಂತೆ ಕಾರಣ ಹೇಳಿ ದೂರ ನಿಲ್ಲಬಹುದು, ಅದೂ ಸಂಸದೀಯ ಮಾತೇ. ಆದರೆ ಪ್ರತಿಯೊಬ್ಬರೂ ತಮ್ಮವರ ಜಯಂತಿಗೆ ಮಾತ್ರ ಬಂದು ಹೋಗತೊಡಗಿದರೆ, ಭಾವಚಿತ್ರಗಳೆಲ್ಲ ಗೋಡೆಯ ಮೇಲೆ ಒಟ್ಟಿಗೇ ಇರುತ್ತವೆ, ಕೆಳಗೆ ನಿಲ್ಲುವವರು ಮಾತ್ರ ಎಂದೂ ಒಟ್ಟಿಗೆ ಸೇರುವುದಿಲ್ಲ.