ಲಾಂಗ್ ಹೌಸ್ ಕಣಿವೆಯನ್ನು ತೊರೆದವರು

ಶತಮಾನಗಳ ಕಾಲ ಉತ್ತು ಬಿತ್ತಿದ ನೆಲವನ್ನು ಒಂದು ಜನಾಂಗವು ತೊರೆದುಹೋಗಲು ಕಾರಣವೇನು? ಶಾಸನಗಳಾಗಲಿ ಗ್ರಂಥಗಳಾಗಲಿ ಇಲ್ಲದ ಕಡೆಯಲ್ಲಿ ಇತಿಹಾಸಕಾರನಿಗೆ ಊಹೆಯೇ ಗತಿ. ಅಂತಹ ಊಹೆಯೊಂದನ್ನು ಗಣಕಯಂತ್ರದ ಸಹಾಯದಿಂದ ಒರೆಗೆ ಹಚ್ಚಿದ ಪ್ರಯತ್ನವು ಅಮೆರಿಕದ ಲಾಂಗ್ ಹೌಸ್ ಕಣಿವೆಗೆ ಸಂಬಂಧಪಟ್ಟುದು.

ಅರಿಜೋನಾ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಈ ಕಣಿವೆಯ ವಿಸ್ತಾರ ಸುಮಾರು 96 ಚದರ ಕಿಲೋಮೀಟರು. ಮುಸುಕಿನ ಜೋಳವನ್ನು ಬೆಳೆದು ಇಲ್ಲಿ ಬಾಳಿದವರನ್ನು ವಿದ್ವಾಂಸರು ಹಿಂದೆ ನವಾಹೊ ಭಾಷೆಯ ಪದದಿಂದ ಅನಸಾಜಿಗಳೆಂದು ಕರೆಯುತ್ತಿದ್ದರು. ಹೋಪಿ ಮೊದಲಾದ ಇಂದಿನ ಪ್ಯೂಬ್ಲೊ ಜನರು ಅವರ ವಂಶಜರು. ಕ್ರಿ. ಶ. 1300ರ ವೇಳೆಗೆ ಕಣಿವೆಯು ಬರಿದಾಯಿತು. ಮಳೆ ಕಡಮೆಯಾದ ವರ್ಷದಲ್ಲಿ ಮರದ ಕಾಂಡದೊಳಗಿನ ಉಂಗುರ ಕಿರಿದಾಗಿರುವುದು. ಇಂತಹ ಉಂಗುರಗಳಿಂದ 1276ರಿಂದ 1299ರವರೆಗೆ ಆ ಸೀಮೆಯಲ್ಲಿ ಘೋರವಾದ ಅನಾವೃಷ್ಟಿಯಿದ್ದಿತೆಂದು ತಿಳಿದುಬಂದಿದೆ. ಆದುದರಿಂದ ಬರಗಾಲವೇ ಜನರನ್ನು ಓಡಿಸಿತೆಂದು ಭಾವಿಸುವುದು ಸಹಜವೇ ಸರಿ.

ರಾಬರ್ಟ್ ಆಕ್ಸ್‌ಟೆಲ್, ಜೋಷುವಾ ಎಪ್‌ಸ್ಟೀನ್, ಪುರಾತತ್ತ್ವಜ್ಞರಾದ ಜೆಫ್ರಿ ಡೀನ್ ಮೊದಲಾದವರು ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಣಕಯಂತ್ರದಲ್ಲಿ ಕಣಿವೆಯ ನಕ್ಷೆಯನ್ನು ರಚಿಸಿ, 800ರಿಂದ 1350ರವರೆಗೆ ಪ್ರತಿವರ್ಷವೂ ಒಂದೊಂದು ಹೊಲದಲ್ಲಿ ಬೆಳೆಯಬಹುದಾಗಿದ್ದ ಜೋಳವನ್ನು ಅಂದಾಜು ಮಾಡಿ, ಅದರಲ್ಲಿ ಕಲ್ಪಿತ ಕುಟುಂಬಗಳನ್ನು ನೆಲೆಗೊಳಿಸಿದರು. ಕುಟುಂಬಕ್ಕೆ ಐವರು, ತಲೆಯೊಂದಕ್ಕೆ ವರ್ಷಕ್ಕೆ 160 ಕಿಲೋಗ್ರಾಂ ಜೋಳ. ಕೂಡಿಟ್ಟ ಧಾನ್ಯವೂ ಮುಂದಿನ ಬೆಳೆಯೂ ಹೊಟ್ಟೆಗೆ ಸಾಲವೆಂದು ಕಂಡರೆ ಕುಟುಂಬವು ಬೇರೆ ಹೊಲವನ್ನು ಅರಸಬೇಕು. ದೊರೆಯದಿದ್ದರೆ ಕಣಿವೆಯನ್ನು ಬಿಡಬೇಕು. ಕಾಲಕ್ರಮದಲ್ಲಿ ಹಳೆಯ ಸಂಸಾರಗಳಿಂದ ಹೊಸವು ಕವಲೊಡೆಯುವುವು. ಎಲ್ಲರನ್ನೂ ನಡೆಸುವ ಅಧಿಪತಿಯಿಲ್ಲ. ಒಂದೊಂದು ಮನೆಯ ನಿರ್ಧಾರಗಳು ಕೂಡಿಯೇ ಕಣಿವೆಯ ಚರಿತ್ರೆಯಾಗುವುದು.

ಈ ಕಲ್ಪಿತ ಚರಿತ್ರೆಯಲ್ಲಿ ಕಂಡ ಜನಸಂಖ್ಯೆಯ ಏರಿಳಿತಗಳು ಪುರಾತತ್ತ್ವ ಶೋಧನೆಯಿಂದ ತಿಳಿದವನ್ನು ಬಹುಮಟ್ಟಿಗೆ ಹೋಲಿದುವು. ಆದರೆ ಕೊನೆಯಲ್ಲಿ ಎರಡೂ ಬೇರೆಯಾದುವು. ಅನಾವೃಷ್ಟಿಯಿಂದ ಕಲ್ಪಿತ ಕುಟುಂಬಗಳ ಸಂಖ್ಯೆ ಕುಗ್ಗಿತಾದರೂ 1300ರ ಅನಂತರವೂ ಕೆಲವು ಉಳಿದುಕೊಂಡುವು. ಅಷ್ಟು ಮಂದಿಯನ್ನು ಪೋಷಿಸುವ ಶಕ್ತಿ ನೆಲಕ್ಕಿದ್ದಿತು. ನಿಜವಾದ ಕಣಿವೆಯಲ್ಲಿ ಒಬ್ಬರೂ ನಿಲ್ಲಲಿಲ್ಲ.

2009ರಲ್ಲಿ ಮಾರ್ಕೊ ಯಾನ್ಸೆನ್ ಈ ಪ್ರಯೋಗವನ್ನು ಮರಳಿ ನಡೆಸಿ, ಮೊದಲಿನ ಹೋಲಿಕೆಗೆ ಮುಖ್ಯಕಾರಣ ನೆಲದ ಧಾರಣಶಕ್ತಿಯ ಲೆಕ್ಕವೇ ಎಂದು ತೋರಿಸಿದರು. ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಜನ ಕಡಮೆಯಾದುದನ್ನು ಬರಗಾಲವು ವಿವರಿಸಬಲ್ಲುದು, ಎಲ್ಲರೂ ಹೊರಟುಹೋದುದನ್ನು ವಿವರಿಸಲಾರದು. ನೆರೆಮನೆ ಬರಿದಾದ ಮೇಲೆ, ಬಂಧುಗಳೂ ಹಬ್ಬಕ್ಕೆ ಕೂಡುವವರೂ ದೂರವಾದ ಮೇಲೆ, ಕಣಜದಲ್ಲಿ ಕಾಳಿದ್ದರೂ ಒಂಟಿ ಸಂಸಾರವು ನಿಲ್ಲಲು ಮನಸ್ಸು ಮಾಡದಿದ್ದಿರಬಹುದು. ಜೋಳದ ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡಿದುದರಿಂದಲೇ, ಆ ಲೆಕ್ಕಕ್ಕೆ ಸಿಕ್ಕದ ಮನುಷ್ಯಸಂಬಂಧಗಳ ಕಡೆಗೆ ಇತಿಹಾಸಕಾರನ ದೃಷ್ಟಿ ತಿರುಗುವಂತಾಯಿತು.