ಕತ್ತರಿಯ ಮುಂದಿನ ಅಳುಕು

ಹೊಸದಾಗಿ ಹೊಲಿಗೆ ಕಲಿಯಲು ಕುಳಿತ ಹೆಣ್ಣುಮಗಳಿಗೆ ಎರಡು ಬಗೆಯ ಅಳುಕು ಇರುತ್ತದೆ. ಒಂದು ಯಂತ್ರದ್ದು, ಇನ್ನೊಂದು ಕತ್ತರಿಯದು. ಯಂತ್ರದ ಅಳುಕು ಕೆಲವು ದಿನಗಳದು. ಕಾಲಿನ ಲಯ ಕೈಗೆ ಹೊಂದುವುದಿಲ್ಲ. ಚಕ್ರ ಹಿಂದಕ್ಕೆ ತಿರುಗುತ್ತದೆ, ನೂಲು ತುಂಡಾಗುತ್ತದೆ, ನೇರವಾಗಿ ಸಾಗಬೇಕಾದ ಹೊಲಿಗೆ ಹಾವಿನಂತೆ ಹರಿದಾಡುತ್ತದೆ. ದಿಂಬಿನ ಚೀಲ, ಕೈಚೀಲ, ಒಳಲಂಗ ಎಂದು ನೇರ ಹೊಲಿಗೆಯ ನಾಲ್ಕಾರು ವಸ್ತುಗಳನ್ನು ಹೊಲಿಯುವಷ್ಟರಲ್ಲಿ ಈ ಅಳುಕು ತಾನಾಗಿಯೇ ಕರಗುತ್ತದೆ. ಕತ್ತರಿಯ ಅಳುಕು ಹಾಗಲ್ಲ. ತನ್ನ ಮೈಗೆ ತಾನೇ ಅಳತೆ ಹಿಡಿದು, ಹೊಸ ಬಟ್ಟೆಯನ್ನು ಹಾಸಿ, ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿಯ ಬಾಯಿ ತೆರೆದಾಗ ಎಂಥ ಜಾಣೆಯ ಕೈಯಾದರೂ ಒಂದು ಕ್ಷಣ ತಡೆಯುತ್ತದೆ. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ತಪ್ಪಿ ಕತ್ತರಿಸಿದ ಬಟ್ಟೆಯನ್ನು ಮತ್ತೆ ಕೂಡಿಸಲಾಗದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನೇಕಾರನಿಗೂ ಕತ್ತರಿಗೂ ಅಷ್ಟೇ ಸಲ್ಲುತ್ತದೆ.

ಈ ಅಳುಕನ್ನು ನಾವು ಸಾಮಾನ್ಯವಾಗಿ ಕಲಿಯುವವಳ ಸ್ವಭಾವಕ್ಕೆ ಕಟ್ಟಿಬಿಡುತ್ತೇವೆ. ಆದರೆ ಇದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಕೇಳುಗರ ಮುಂದೆ ಸಂಕ್ಷೇಪವಾಗಿ ಇಡುವುದು ಈ ಭಾಷಣದ ಉದ್ದೇಶ.

ಬಹುಕಾಲದವರೆಗೆ, ಬಹು ದೇಶಗಳಲ್ಲಿ, ಸೂಜಿ ಹೆಂಗಸರ ಕೈಯಲ್ಲಿದ್ದರೂ ಕತ್ತರಿ ಇದ್ದುದು ಗಂಡಸಿನ ಕೈಯಲ್ಲಿ. ಯುರೋಪಿನ ನಗರಗಳಲ್ಲಿ ದರ್ಜಿಗಳ ಸಂಘಗಳು ಬಲವಾಗಿದ್ದವು. ಬಟ್ಟೆಯ ಮೇಲೆ ಅಳತೆ ಹರಡಿ ಕತ್ತರಿಸುವ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಇಳಿದು ಬರುತ್ತಿದ್ದ ಗುಟ್ಟು. ಸ್ಪೇನಿನ ಹುವಾನ್ ದೆ ಅಲ್ಸೆಗಾ ಎಂಬ ದರ್ಜಿ 1580ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಪ್ರಕಟಿಸಿದ ಗ್ರಂಥ, ಬಟ್ಟೆಯ ಮೇಲೆ ಉಡುಪಿನ ಭಾಗಗಳನ್ನು ಹೇಗೆ ಹರಡಬೇಕೆಂಬುದನ್ನು ಚಿತ್ರಸಹಿತ ತೋರಿಸಿದ ಬಹು ಹಳೆಯ ಮುದ್ರಿತ ಪುಸ್ತಕಗಳಲ್ಲಿ ಒಂದು. ಅದರ ಹೆಸರಿನಲ್ಲಿಯೇ ರೇಖಾಗಣಿತದ ಮಾತಿದೆ. ಅದು ದರ್ಜಿಯು ದರ್ಜಿಗಳಿಗಾಗಿ ಬರೆದ ಪುಸ್ತಕ. ಮನೆಯಲ್ಲಿ ಕುಳಿತ ಗೃಹಿಣಿಗಾಗಿ ಅಲ್ಲ.

ಪ್ಯಾರಿಸಿನಲ್ಲಿ ಹೆಂಗಸರ ಉಡುಪನ್ನು ಹೆಂಗಸರೇ ಹೊಲಿಯುವ ಹಕ್ಕಿಗೆ 1675ರವರೆಗೆ ಕಾಯಬೇಕಾಯಿತು. ಆ ವರ್ಷ ಹದಿನಾಲ್ಕನೆಯ ಲೂಯಿ ದೊರೆಯು ಹೊಲಿಗೆಯ ಹೆಂಗಸರ ಪ್ರತ್ಯೇಕ ಸಂಘಕ್ಕೆ ಮನ್ನಣೆ ಕೊಟ್ಟನು. ಪರಪುರುಷನ ಕೈಯಲ್ಲಿ ಮೈಯಳತೆ ತೆಗೆಸಿಕೊಳ್ಳುವ ಸಂಕೋಚ ತಪ್ಪುತ್ತದೆಂಬುದೂ ಆ ಹೆಂಗಸರು ಮುಂದಿಟ್ಟ ವಾದಗಳಲ್ಲಿ ಒಂದಾಗಿದ್ದಿತು. ಹಾಗಿದ್ದರೂ ಆಸ್ಥಾನದ ಉಡುಪಿನ ಬಿಗಿಯಾದ ಮೇಲಂಗಿಯನ್ನು ಕತ್ತರಿಸುವ ಅಧಿಕಾರವನ್ನು ದರ್ಜಿಗಳು ತಮ್ಮಲ್ಲಿಯೇ ಉಳಿಸಿಕೊಂಡರು.

ನಮ್ಮ ನಾಡಿನ ಸಂಗತಿ ಬೇರೆ. ಸೀರೆ, ಪಂಚೆ, ಉತ್ತರೀಯಗಳು ಮಗ್ಗದಿಂದಿಳಿದ ಹಾಗೆಯೇ ಮೈಮೇಲೆ ಬರುವ ವಸ್ತ್ರಗಳಾದ್ದರಿಂದ ಕತ್ತರಿಗೆ ಇಲ್ಲಿ ಅಷ್ಟು ಕೆಲಸವಿರಲಿಲ್ಲ. ಆದರೂ ಹೊಲಿಗೆಯ ಕಸುಬು ಇಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರಿದ್ದರು. ನೂಲುವ ಕಾಯಕದ ಕದಿರೆ ರೆಮ್ಮವ್ವೆಯೂ ಇದ್ದಳು. ಇಬ್ಬರ ಹೆಸರುಗಳನ್ನೂ ಒಟ್ಟಿಗಿಟ್ಟು ನೋಡಿದಾಗ ನೂಲುವವಳು ಹೆಣ್ಣು, ಹೊಲಿಯುವವನು ಗಂಡು ಎಂಬುದು ಗಮನಕ್ಕೆ ಬಾರದಿರದು. ಊರ ಸಿಂಪಿಗನೂ ಗಂಡಸೇ. ಹೆಂಗಸರು ಮನೆಯಲ್ಲಿ ಕೌದಿ ಹೊಲಿದರು, ಕಸೂತಿ ಹಾಕಿದರು. ಇವೆರಡರಲ್ಲಿಯೂ ಮೈಯ ತಿರುವಿಗೆ ತಕ್ಕಂತೆ ಹೊಸ ಬಟ್ಟೆಯನ್ನು ಕತ್ತರಿಸಬೇಕಾದ ಪ್ರಸಂಗವಿಲ್ಲ. ಅದು ಬರುವುದು ಕುಪ್ಪಸದಲ್ಲಿ. ಗುಳೇದಗುಡ್ಡದ ಖಣವನ್ನು ಬಲ್ಲವರಿಗೆ ಇದರ ಕಷ್ಟವೂ ಗೊತ್ತು. ಖಣವೆಂಬುದು ಒಂದು ಕುಪ್ಪಸಕ್ಕೆ ಬೇಕಾದಷ್ಟೇ ಬಟ್ಟೆ. ಕಂಕುಳಿನ ತಿರುವಿನಲ್ಲಿ ಕತ್ತರಿ ಒಂದು ಬೆರಳು ಒಳಗೆ ಸರಿದರೆ ಅದನ್ನು ಸರಿಪಡಿಸಲು ಮಿಕ್ಕ ಬಟ್ಟೆಯೇ ಇರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲಿಗೆ ಯಂತ್ರ ಬಂದಿತು. ಅದು ಬಂದ ರೀತಿಯೂ ಸುಗಮವಲ್ಲ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿ 1830ರಲ್ಲಿ ತನ್ನ ಯಂತ್ರಕ್ಕೆ ಸನ್ನದು ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಸುಮಾರು 80 ಯಂತ್ರಗಳನ್ನು ಹೂಡಿದನು. ತಮ್ಮ ಅನ್ನ ಹೋಯಿತೆಂದು ಕೆರಳಿದ ದರ್ಜಿಗಳು 1831ರಲ್ಲಿ ನುಗ್ಗಿ ಅವನ್ನು ಒಡೆದುಹಾಕಿದರು. ಅವನ ಯಂತ್ರದ್ದು ಒಂದೇ ನೂಲಿನ ಸರಪಳಿ ಹೊಲಿಗೆ. ತುದಿ ಹಿಡಿದೆಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುವಂಥದು. ಸೂಜಿಯ ಕಣ್ಣನ್ನು ಮೊನೆಗೇ ತಂದು, ಕೆಳಗಿನಿಂದ ಎರಡನೆಯ ನೂಲು ಬಂದು ಕೊಂಡಿ ಹಾಕುವಂತೆ ಮಾಡಿದ ಗಟ್ಟಿ ಹೊಲಿಗೆಯ ಯಂತ್ರಕ್ಕೆ 1846ರಲ್ಲಿ ಸನ್ನದು ಪಡೆದವನು ಅಮೆರಿಕದ ಎಲಿಯಸ್ ಹೋವ್. ಆತ ಕಾಯಿಲೆ ಬಿದ್ದಿದ್ದಾಗ ಹೆಂಡತಿ ಊರವರ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದಳೆಂದೂ, ಅವಳ ಕೈಯ ಚಲನೆಯನ್ನು ನೋಡುತ್ತ ಮಲಗಿದ್ದವನಿಗೆ ಯಂತ್ರದ ಕಲ್ಪನೆ ಹೊಳೆಯಿತೆಂದೂ ಹೇಳುತ್ತಾರೆ. ಅದರ ಫಲವನ್ನು ಅವಳು ಕಾಣಲಿಲ್ಲ. ಇಂಗ್ಲೆಂಡಿಗೆ ಹೋದ ಹೋವ್ ಬರಿಗೈಯಲ್ಲಿ ಮರಳಿದ ಸ್ವಲ್ಪ ಕಾಲದಲ್ಲಿಯೇ ಆಕೆ ಕ್ಷಯರೋಗದಿಂದ ತೀರಿಕೊಂಡಳು. 1854ರಲ್ಲಿ ನ್ಯಾಯಾಲಯದ ತೀರ್ಪು ಹೋವ್‌ನ ಪರವಾಗಿ ಬಂದ ಮೇಲೆ ಅವನಿಗೆ ಐಶ್ವರ್ಯ ಒದಗಿತು.

ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಸನ್ನದು ಪಡೆದುದು 1851ರಲ್ಲಿ. ಅದನ್ನು ಸಾಮಾನ್ಯ ಗೃಹಸ್ಥರ ಮನೆಯೊಳಕ್ಕೆ ತಂದ ಉಪಾಯ ಮಾತ್ರ ಯಂತ್ರಶಾಸ್ತ್ರದ್ದಲ್ಲ, ವ್ಯಾಪಾರದ್ದು. ಆಗ ಯಂತ್ರದ ಬೆಲೆ ಸುಮಾರು ನೂರು ಡಾಲರು. ಅದನ್ನು ಒಮ್ಮೆಗೇ ತೆರುವ ಶಕ್ತಿ ಹೆಚ್ಚಿನ ಸಂಸಾರಗಳಿಗೆ ಇರಲಿಲ್ಲ. 1856ರಲ್ಲಿ ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್, ಮೊದಲು ಐದು ಡಾಲರು ಕೊಟ್ಟು ಉಳಿದುದನ್ನು ತಿಂಗಳು ತಿಂಗಳು ಕಂತಿನಲ್ಲಿ ತೀರಿಸುವ ಏರ್ಪಾಟು ಮಾಡಿದನು. ಕೈಯಲ್ಲಿ ಹೊಲಿದರೆ 14 ಗಂಟೆಗೂ ಮೀರಿ ಹಿಡಿಯುವ ಗಂಡಸಿನ ಷರ್ಟು ಯಂತ್ರದಲ್ಲಿ ಒಂದೂಕಾಲು ಗಂಟೆಗೆ ಮುಗಿಯುತ್ತದೆಂದು ಅಂದಿನ ಯಂತ್ರ ಕಂಪನಿಯೊಂದು ಲೆಕ್ಕ ಪ್ರಕಟಿಸಿತು. ಥಾಮಸ್ ಹುಡ್ ಕವಿ 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಷರ್ಟು ಹೊಲಿಯುವ ಬಡ ಹೆಂಗಸಿನ ಬವಣೆಯನ್ನು ಕುರಿತು ಬರೆದ ಕವಿತೆಯನ್ನು ಬಲ್ಲವರಿಗೆ ಈ ಗಂಟೆಗಳ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಆದರೆ ಯಂತ್ರ ಹೊಲಿಯುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಕಂತಿನ ಮೇಲೆ ಯಂತ್ರ ತಂದ ಎಷ್ಟೋ ಹೆಂಗಸರು ಬಟ್ಟೆಯನ್ನು ಹೊರಗೆ ಕತ್ತರಿಸಿಕೊಂಡು ಬಂದು, ಮನೆಯಲ್ಲಿ ಹೊಲಿದುಕೊಳ್ಳುತ್ತಿದ್ದರು. ಹಳೆಯ ಉಡುಪೊಂದನ್ನು ಬಿಚ್ಚಿ, ಅದರ ತುಂಡುಗಳನ್ನೇ ಹೊಸ ಬಟ್ಟೆಯ ಮೇಲಿಟ್ಟು ಕತ್ತರಿಸುವುದೂ ಇತ್ತು. ಈ ತೊಡಕನ್ನು ಬಿಡಿಸಿದ್ದು ತೆಳುವಾದ ಕಾಗದ. 1860ರ ಹೊತ್ತಿಗೆ ನ್ಯೂಯಾರ್ಕಿನ ಎಲೆನ್ ಡೆಮೊರೆಸ್ಟ್ ಎಂಬಾಕೆ ಉಡುಪಿನ ಕಾಗದದ ಮಾದರಿಗಳನ್ನು ಮಾರತೊಡಗಿದ್ದಳು. ಮನೆಗೆಲಸದಾಕೆ ಒರಟು ಕಾಗದದಲ್ಲಿ ಅಂಗಿಯ ಆಕಾರ ಕತ್ತರಿಸುತ್ತಿದ್ದುದನ್ನು ನೋಡಿ ಅವಳಿಗೆ ಈ ವಿಚಾರ ಹೊಳೆಯಿತೆಂಬ ಐತಿಹ್ಯವಿದೆ. ಮ್ಯಾಸಚೂಸೆಟ್ಸ್ ಪ್ರಾಂತದ ದರ್ಜಿ ಎಬೆನೆಜರ್ ಬಟರಿಕ್ 1863ರಲ್ಲಿ ಒಂದೇ ಉಡುಪಿನ ಮಾದರಿಯನ್ನು ಬೇರೆಬೇರೆ ಅಳತೆಗಳಲ್ಲಿ ಮಾರಾಟಕ್ಕೆ ತಂದನು. ಮೊದಲು ಗಂಡಸರ ಮತ್ತು ಹುಡುಗರ ಉಡುಪುಗಳು. ಕೆಲವೇ ವರ್ಷಗಳಲ್ಲಿ ಹೆಂಗಸರವೂ ಬಂದವು. ದರ್ಜಿಗಳು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದ ಗುಟ್ಟು ಅಂಚೆಯ ಲಕೋಟೆಯಲ್ಲಿ ಹಳ್ಳಿಗೆ ತಲುಪಿತು.

ಅಳುಕು ಮಾತ್ರ ಅಷ್ಟಕ್ಕೇ ಹೋಗಲಿಲ್ಲ. ಆ ಕಾಗದಗಳ ಮೇಲೆ ಅಕ್ಷರವಿರಲಿಲ್ಲ, ಗೆರೆಯಿರಲಿಲ್ಲ. ತೂತುಗಳು ಮತ್ತು ಅಂಚಿನ ಕಚ್ಚುಗಳಷ್ಟೇ ಇದ್ದವು. ತೋಳು ಯಾವುದು, ಬೆನ್ನು ಯಾವುದು, ಯಾವ ತೂತಿಗೆ ಯಾವ ತೂತು ಸೇರಬೇಕು ಎಂಬುದನ್ನು ಲಕೋಟೆಯ ಮೇಲಿನ ನಾಲ್ಕು ಸಾಲುಗಳಿಂದ ಊಹಿಸಬೇಕು. ಗೆರೆ ಮುದ್ರಿಸಿದ ಮಾದರಿಗಳೂ, ಹಂತ ಹಂತವಾಗಿ ಚಿತ್ರ ಬರೆದು ತಿಳಿಸುವ ಸೂಚನೆಯ ಹಾಳೆಗಳೂ ಬಂದದ್ದು 1920ರ ಆಸುಪಾಸಿನಲ್ಲಿ. ಹೊಲಿಗೆಯ ಯಂತ್ರ ಹುಟ್ಟಿ ಮುಕ್ಕಾಲು ಶತಮಾನವಾದ ಮೇಲೆ ಹೊಸಬಳ ಪಕ್ಕದಲ್ಲಿ ಕುಳಿತು ಹೇಳಿಕೊಡುವ ಕಾಗದ ಸಿಕ್ಕಿತು.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಹೆಂಗಸರು ಈ ಪರೀಕ್ಷೆಗೆ ಮತ್ತೆ ಒಳಗಾದರು. 1941ರ ಜೂನ್ 1ರಂದು ಅಲ್ಲಿ ಬಟ್ಟೆಗೆ ಪಡಿತರ ಜಾರಿಗೆ ಬಂದಿತು. ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್ನುಗಳು. ಒಂದು ಉಣ್ಣೆಯ ಉಡುಪಿಗೇ 11 ಹೋಗುತ್ತಿದ್ದವು. ಅಳತೆಯ ಬಟ್ಟೆಗೂ ಕೂಪನ್ನು ಬೇಕು. ಹೀಗಿರುವಾಗ ತಪ್ಪಿ ಕತ್ತರಿಸಿದರೆ ಹಣವಿದ್ದರೂ ಬೇರೆ ಬಟ್ಟೆ ದೊರೆಯುವಂತಿರಲಿಲ್ಲ. 1943ರಲ್ಲಿ ಸರ್ಕಾರವೇ, ಇದ್ದುದರಲ್ಲಿಯೇ ಸುಧಾರಿಸಿ ತೇಪೆ ಹಾಕಿ ಉಡಿರಿ ಎಂಬ ಅರ್ಥದ ಕೈಪಿಡಿಯನ್ನು ಹೊರಡಿಸಿತು. ಊರೂರುಗಳಲ್ಲಿ ಹೊಲಿಗೆಯ ತರಗತಿಗಳು ನಡೆದವು. ಹಿಂದೆಂದೂ ಕತ್ತರಿ ಹಿಡಿಯದಿದ್ದವರು ಯುದ್ಧಕ್ಕೆ ಹೋದ ಗಂಡನ ಹಳೆಯ ಕೋಟನ್ನು ಬಿಚ್ಚಿ ತಮಗೊಂದು ಉಡುಪು ಮಾಡಿಕೊಂಡರು. ಆ ಕೋಟಿನ ಮೇಲೆ ಕತ್ತರಿ ಇಡುವಾಗ ಅವರ ಕೈ ತಡೆದಿದ್ದರೆ ಅದಕ್ಕೆ ಅಳತೆಯ ಭಯವೊಂದೇ ಕಾರಣವಾಗಿರಲಾರದು. ಈ ಪಡಿತರ 1949ರ ಮಾರ್ಚ್‌ವರೆಗೂ ನಡೆಯಿತು.

ನಮ್ಮ ದೇಶದಲ್ಲಿ ಯಂತ್ರಗಳನ್ನು ಸಂಶಯದಿಂದ ನೋಡಿದ ಮಹಾತ್ಮಾ ಗಾಂಧಿಯವರು ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರೆಂಬುದು ಪ್ರಸಿದ್ಧ ಸಂಗತಿ. 1924ರಲ್ಲಿ ರಾಮಚಂದ್ರನ್ ಎಂಬ ತರುಣನೊಡನೆ ನಡೆದ ಸಂವಾದದಲ್ಲಿ ಅವರು ಸಿಂಗರ್ ಯಂತ್ರವನ್ನು ಉದಾಹರಿಸಿ, ಹೆಂಡತಿಯ ಶ್ರಮವನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ನಿರ್ಮಿಸಿದನೆಂದು ಹೇಳಿದರು. ಚರಿತ್ರೆಯ ದೃಷ್ಟಿಯಿಂದ ಆ ಕಥೆ ಹೋವ್ ದಂಪತಿಗಳಿಗೆ ಹೆಚ್ಚು ಒಪ್ಪುತ್ತದೆ. ಆದರೆ ಗಾಂಧೀಜಿಯವರ ಮುಖ್ಯ ಮಾತು ಸುಳ್ಳಾಗುವುದಿಲ್ಲ. ದುಡಿಯುವವರನ್ನು ಹೊರಗಟ್ಟದೆ ಅವರ ಕೈಯಲ್ಲಿಯೇ ಉಳಿದು ಕೆಲಸ ಮಾಡುವ ಯಂತ್ರವಿದು. 1930ರ ದಶಕದಲ್ಲಿ ಕಲ್ಕತ್ತೆಯ ಜೈ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸತೊಡಗಿದ ಮೇಲೆ ಅದು ನಮ್ಮಲ್ಲಿಯೂ ಮಧ್ಯಮ ವರ್ಗದ ಮನೆಯ ಸಾಮಾನಾಯಿತು. ಮಹಿಳಾ ಸಮಾಜಗಳ ಹೊಲಿಗೆಯ ತರಗತಿಗಳಲ್ಲಿ ವೃತ್ತಪತ್ರಿಕೆಯ ಹಾಳೆಯ ಮೇಲೆ ರವಿಕೆಯ ನಕ್ಷೆ ಬರೆದು, ಕಾಗದವನ್ನೇ ಮೊದಲು ಕತ್ತರಿಸಿ ಕಲಿತವರು ಅಸಂಖ್ಯರು. ಅವರಲ್ಲಿ ಎಷ್ಟೋ ಮಂದಿ ವಿಧವೆಯರಿಗೆ, ಗಂಡ ಬಿಟ್ಟವರಿಗೆ ಮನೆಯ ಮೂಲೆಯಲ್ಲಿನ ಆ ಯಂತ್ರವೇ ಅನ್ನದ ದಾರಿಯಾಯಿತು. ಹೊಲಿಯುವುದನ್ನಷ್ಟೇ ಬಲ್ಲವಳಿಗೆ ಕಾಜು ಗುಂಡಿಯ ಬಿಡಿಕಾಸು. ಕತ್ತರಿಸಲು ಬಲ್ಲವಳಿಗೆ ತನ್ನದೇ ಗಿರಾಕಿಗಳು. ಮೊದಲ ಕತ್ತರಿಯ ಧೈರ್ಯ ಅವರ ಪಾಲಿಗೆ ಹವ್ಯಾಸದ ಮಾತಾಗಿರಲಿಲ್ಲ.

ಸೂಫಿ ಸಂತ ಬಾಬಾ ಫರೀದರಿಗೆ ಯಾರೋ ಕತ್ತರಿಯನ್ನು ಕಾಣಿಕೆ ತಂದಾಗ, ನನಗೆ ಕತ್ತರಿ ಬೇಡ, ಸೂಜಿ ಕೊಡು, ನಾನು ಕೂಡಿಸುವವನು ಎಂಬ ಅರ್ಥದಲ್ಲಿ ನುಡಿದರೆಂಬ ಕಥೆಯಿದೆ. ಸಂತರ ಮಾತು ಮನುಷ್ಯರನ್ನು ಕುರಿತದ್ದು, ಅಲ್ಲಿ ಅದು ನಿಜ. ಬಟ್ಟೆಯ ವಿಷಯದಲ್ಲಿ ಕತ್ತರಿಯಿಲ್ಲದೆ ಸೂಜಿಗೆ ಕೆಲಸವಿಲ್ಲ. ಸಿದ್ಧ ಉಡುಪುಗಳು ಅಗ್ಗವಾಗಿ ದೊರೆಯುವ ಇಂದಿನ ದಿನಗಳಲ್ಲಿಯೂ ತನ್ನ ರವಿಕೆಯನ್ನು ತಾನೇ ಹೊಲಿದುಕೊಳ್ಳಬೇಕೆಂದು ಬಟ್ಟೆ ಹಾಸಿ ಕುಳಿತ ಹುಡುಗಿಯರಿದ್ದಾರೆ. ಅವರ ಕೈ ಒಂದು ಕ್ಷಣ ತಡೆದರೆ ಮನೆಯ ಹಿರಿಯರು ನಗದಿರಲಿ. ಮೊದಲ ರವಿಕೆಯ ತೋಳು ಬಿಗಿಯಾದರೂ ಚಿಂತೆಯಿಲ್ಲ. ಎರಡನೆಯದಕ್ಕೆ ಅಷ್ಟು ಬಟ್ಟೆಯನ್ನು ಕೊಡಿಸುವುದು ಮನೆಯವರು ಮಾಡಬಹುದಾದ ಉಪಕಾರ.